ವಂಶವಾಹಿಗಳು ಮತ್ತು ಆನುವಂಶಿಕ ಗುಣಗಳು: ಉತ್ತರ ಕನ್ನಡದ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಿಂದ ಹಿಡಿದು ಕುಮಟಾ, ಅಂಕೋಲಾ, ಕಾರವಾರದ ಕರಾವಳಿಯವರೆಗೆ ಕೃಷಿಕರು, ಹೈನುಗಾರರು, ವಿದ್ಯಾರ್ಥಿಗಳು ಮತ್ತು ಮದುವೆಯ ಮಾತುಕತೆಯಲ್ಲಿರುವ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉದಾಹರಣೆಗಳನ್ನು ಸಾಧ್ಯವಾದಷ್ಟು ನಮ್ಮ ಜಿಲ್ಲೆಯ ಗಿಡಮರ, ದನಕರುಗಳಿಂದಲೇ ಆರಿಸಿಕೊಂಡಿದ್ದೇವೆ.

ವಂಶವಾಹಿ ಎಂದರೆ ಏನು, ಅದು ದೇಹದಲ್ಲಿ ಎಲ್ಲಿರುತ್ತದೆ?

ಗಿಡ, ಪ್ರಾಣಿ, ಮನುಷ್ಯರ ಬಹುಪಾಲು ಜೀವಕೋಶಗಳ ಕೇಂದ್ರದಲ್ಲಿ ವರ್ಣತಂತುಗಳೆಂಬ ಎಳೆಗಳಿರುತ್ತವೆ. ಮನುಷ್ಯನಲ್ಲಿ ಅವು 46, ಹಸುವಿನಲ್ಲಿ 60, ಭತ್ತದಲ್ಲಿ 24, ಮಾವಿನಲ್ಲಿ 40. ಪ್ರತಿ ವರ್ಣತಂತುವಿನಲ್ಲಿಯೂ ಡಿಎನ್‌ಎ ಎಂಬ ಬಹು ಉದ್ದದ ಅಣು ಸುತ್ತಿಕೊಂಡಿದ್ದು, ಅದು ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳ ಸಾಲಾಗಿದೆ. ಮನುಷ್ಯ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪಡೆಯುವ ಎರಡು ಪ್ರತಿಗಳಲ್ಲಿ ಒಂದೊಂದರಲ್ಲೂ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಸಾಲಿನಲ್ಲಿ ಒಂದು ನಿರ್ದಿಷ್ಟ ಪ್ರೋಟೀನನ್ನು ತಯಾರಿಸಲು ಬೇಕಾದ ಸೂಚನೆ ಇರುವ ತುಣುಕೇ ವಂಶವಾಹಿ. ನಮ್ಮಲ್ಲಿ ಅಂಥ ತುಣುಕುಗಳು ಸುಮಾರು 20,000 ಇವೆ. ಮೂರು ಮೂರು ಅಕ್ಷರಗಳ ಯಾವ ಗುಂಪು ಪ್ರೋಟೀನಿನ ಬಿಡಿಭಾಗವಾದ ಯಾವ ಅಮೈನೋ ಆಮ್ಲವನ್ನು ಸೂಚಿಸುತ್ತದೆ ಎಂಬುದನ್ನು ಬಿಡಿಸಿದವರಲ್ಲಿ ಭಾರತ ಮೂಲದ ಹರಗೋವಿಂದ ಖುರಾನಾ ಒಬ್ಬರು, ಅದಕ್ಕಾಗಿ ಅವರಿಗೆ 1968ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು.

ಯಕೃತ್ತಿನ ಕೋಶದಲ್ಲಿಯೂ ಕಣ್ಣಿನ ಕೋಶದಲ್ಲಿಯೂ ಇರುವುದು ಒಂದೇ ಡಿಎನ್‌ಎ. ಊರಿನ ಎಲ್ಲ ಮನೆಗಳಲ್ಲಿಯೂ ಒಂದೇ ಪಂಚಾಂಗವಿದ್ದರೂ ಆಯಾ ಮನೆಯವರು ತಮಗೆ ಬೇಕಾದ ಪುಟವನ್ನಷ್ಟೇ ತೆರೆದು ನೋಡುವಂತೆ, ಆಯಾ ಅಂಗದ ಕೋಶಗಳು ತಮಗೆ ಬೇಕಾದ ವಂಶವಾಹಿಗಳನ್ನು ಮಾತ್ರ ಓದಿಕೊಂಡು ಉಳಿದವನ್ನು ಮುಚ್ಚಿಡುತ್ತವೆ.

ಡಿಎನ್‌ಎಯಲ್ಲಿರುವ ಅಕ್ಷರಗಳು ಕಣ್ಣಿಗೆ ಕಾಣುವ ಗುಣವಾಗುವುದು ಹೇಗೆ?

ಈ ಪ್ರಶ್ನೆಗೆ ತುಸು ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಮುಂದಿನ ಎಲ್ಲ ಉತ್ತರಗಳಿಗೂ ಇದೇ ತಳಹದಿ. ಗ್ರೆಗರ್ ಮೆಂಡೆಲ್ ಬಟಾಣಿಯ ಮೇಲೆ ನಡೆಸಿ 1866ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ತೆಗೆದುಕೊಳ್ಳೋಣ. ದುಂಡು ಕಾಳಿನ ಬಟಾಣಿಯನ್ನೂ ಸುಕ್ಕು ಕಾಳಿನ ಬಟಾಣಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲ ದುಂಡಾಗಿದ್ದವು. ಆ ಕಾಳುಗಳಿಂದ ಬೆಳೆದ ಗಿಡಗಳು ತಮ್ಮಷ್ಟಕ್ಕೆ ಪರಾಗಸ್ಪರ್ಶ ಮಾಡಿಕೊಂಡು ಕೊಟ್ಟ 7,324 ಕಾಳುಗಳಲ್ಲಿ 5,474 ದುಂಡಗೆ, 1,850 ಸುಕ್ಕಾಗಿ ಬಂದವು, ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಮರೆಯಾಗಿದ್ದ ಸುಕ್ಕು ಒಂದಿಷ್ಟೂ ಸವೆಯದೆ ಮರಳಿ ಬಂದಿತ್ತು.

ಸುಕ್ಕಿನ ಕಾರಣ ಪತ್ತೆಯಾದದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ, 1990ರಲ್ಲಿ. ಕಾಳಿನೊಳಗೆ ಕವಲೊಡೆದ ಪಿಷ್ಟವನ್ನು ಕಟ್ಟುವ ಒಂದು ಕಿಣ್ವವಿದ್ದು (ಕಿಣ್ವವೆಂದರೆ ರಾಸಾಯನಿಕ ಕ್ರಿಯೆ ನಡೆಸಿಕೊಡುವ ಪ್ರೋಟೀನು), ಆ ಕಿಣ್ವದ ವಂಶವಾಹಿಯ ನಡುವೆ ಸುಮಾರು 800 ಅಕ್ಷರಗಳ ಬೇರೊಂದು ತುಣುಕು ಬಂದು ಸೇರಿಕೊಂಡಿದ್ದರಿಂದ ಸುಕ್ಕು ಬಟಾಣಿಯಲ್ಲಿ ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ, ಎಳೆಯ ಕಾಳು ಉಬ್ಬುತ್ತದೆ; ಬಲಿತು ಒಣಗಿದಾಗ ಆ ನೀರೆಲ್ಲ ಆರಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಹೀಗೆ ನೋಡಿದರೆ ಸುಕ್ಕಿಗೆಂದೇ ಒಂದು ವಂಶವಾಹಿ ಇಲ್ಲ, ಇರುವುದು ಪಿಷ್ಟದ ಕಿಣ್ವಕ್ಕೆ ಸೂಚನೆ ಮಾತ್ರ. ಎರಡು ಪ್ರತಿಗಳಲ್ಲಿ ಒಂದು ಸರಿಯಿದ್ದರೂ ಸಾಕಷ್ಟು ಕಿಣ್ವ ಸಿಗುವುದರಿಂದ ದುಂಡು ಪ್ರಬಲ ಗುಣವಾಗಿದೆ, ಎರಡೂ ಕೆಟ್ಟಾಗ ಮಾತ್ರ ಕಾಣಿಸುವ ಸುಕ್ಕು ದುರ್ಬಲ ಗುಣವಾಗಿದೆ. ಪ್ರಬಲವೆಂದರೆ ಒಳ್ಳೆಯದು, ದುರ್ಬಲವೆಂದರೆ ಕೆಟ್ಟದ್ದು ಎಂದು ಭಾವಿಸಬಾರದು.

ಕಪ್ಪು ಹಸುವಿಗೆ ಕಪ್ಪು ಹೋರಿಯ ಬೀಜ ಕೊಡಿಸಿದರೂ ಕೆಂಪು ಕರು ಹುಟ್ಟಿತು. ಬೀಜದ ಕಡ್ಡಿ ಅದಲುಬದಲಾಗಿರಬಹುದೇ?

ಹಾಗೆಂದು ತೀರ್ಮಾನಿಸಬೇಕಾಗಿಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯಲ್ಲಿ ಕಪ್ಪು ಬಣ್ಣ ಪ್ರಬಲ, ಕೆಂಪು ದುರ್ಬಲ. ಹಸುವೂ ಹೋರಿಯೂ ಒಂದೊಂದು ಕೆಂಪಿನ ಪ್ರತಿಯನ್ನು ಒಳಗೆ ಹೊತ್ತುಕೊಂಡಿದ್ದರೆ ಎರಡೂ ಕಪ್ಪಾಗಿಯೇ ಕಾಣುತ್ತವೆ, ಮತ್ತು ಪ್ರತಿ ಗಬ್ಬದಲ್ಲಿಯೂ ಕೆಂಪು ಕರು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು ಇರುತ್ತದೆ. ಹಿಂದಿನ ಮೂರು ಕರುಗಳು ಕಪ್ಪಾಗಿದ್ದವು ಎಂಬ ಕಾರಣಕ್ಕೆ ನಾಲ್ಕನೆಯದು ಕೆಂಪಾಗಲೇಬೇಕೆಂದಿಲ್ಲ; ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಒಂದೇ ತಂದೆ ತಾಯಿಯ ಮಕ್ಕಳು ಇಷ್ಟೊಂದು ಬೇರೆ ಬೇರೆಯಾಗಿರುವುದು ಏಕೆ?

ಅಂಡಾಣು ಮತ್ತು ವೀರ್ಯಾಣು ತಯಾರಾಗುವಾಗ 46 ವರ್ಣತಂತುಗಳು 23 ಆಗುತ್ತವೆ. ಪ್ರತಿ ಜೋಡಿಯಿಂದ ಯಾವುದು ಹೋಗಬೇಕು ಎಂಬುದು ಆಕಸ್ಮಿಕ, ಆದ್ದರಿಂದ ಒಬ್ಬ ವ್ಯಕ್ತಿಯಿಂದ ಸಾಧ್ಯವಿರುವ ಜೋಡಣೆಗಳೇ 80 ಲಕ್ಷವನ್ನು ಮೀರುತ್ತವೆ. ಅದಕ್ಕೂ ಮೊದಲು ಜೋಡಿ ವರ್ಣತಂತುಗಳು ತಮ್ಮ ತುಣುಕುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುದರಿಂದ ಈ ಸಂಖ್ಯೆ ಎಣಿಕೆಗೆ ಸಿಗದಷ್ಟು ಬೆಳೆಯುತ್ತದೆ. ಒಂದೇ ಅಂಡಾಣು ಸೀಳಿ ಹುಟ್ಟಿದ ಅವಳಿಗಳು ಮಾತ್ರ ಇದಕ್ಕೆ ಹೊರತು.

ತಂದೆಯದು ಎ ಗುಂಪು, ತಾಯಿಯದು ಬಿ ಗುಂಪು. ಮಗುವಿನದು ಒ ಗುಂಪು ಎಂದು ವರದಿ ಬಂದಿದೆ. ಇದು ಸಾಧ್ಯವೇ?

ಖಂಡಿತ ಸಾಧ್ಯ, ಮತ್ತು ಇದರಿಂದ ಯಾರ ಮೇಲೂ ಸಂಶಯ ಪಡುವ ಕಾರಣವಿಲ್ಲ. ಎ ಮತ್ತು ಬಿ ಎರಡೂ ಒ ಮೇಲೆ ಪ್ರಬಲವಾಗಿವೆ. ತಂದೆ ಎ-ಒ ಮತ್ತು ತಾಯಿ ಬಿ-ಒ ಆಗಿದ್ದರೆ ಮಗು ಎ, ಬಿ, ಎಬಿ, ಒ ಈ ನಾಲ್ಕರಲ್ಲಿ ಯಾವುದಾದರೂ ಆಗಬಹುದು.

ಇದೇ ಸಂದರ್ಭದಲ್ಲಿ ಒಂದು ವಿರಳ ಗುಂಪಿನ ಬಗ್ಗೆ ಹೇಳಬೇಕು. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಬಾಂಬೆ ರಕ್ತದ ಗುಂಪಿನವರಲ್ಲಿ ಎ ಮತ್ತು ಬಿ ಗುರುತುಗಳನ್ನು ಕಟ್ಟಲು ಆಧಾರವಾದ ಎಚ್ ಎಂಬ ವಸ್ತುವೇ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಅವರು ಒ ಗುಂಪಿನವರಂತೆ ಕಾಣುತ್ತಾರೆ, ಆದರೆ ಒ ರಕ್ತ ಅವರಿಗೆ ಹೊಂದುವುದಿಲ್ಲ. ಬಾಂಬೆ ಗುಂಪಿನ ರಕ್ತವೇ ಬೇಕು. ಎ ಅಥವಾ ಬಿ ವಂಶವಾಹಿ ಅವರೊಳಗೆ ಸರಿಯಾಗಿಯೇ ಇದ್ದು ಮಕ್ಕಳಿಗೆ ಸಾಗಬಹುದು. ಒಂದು ವಂಶವಾಹಿಯ ಕೆಲಸ ಕಾಣಿಸಬೇಕಾದರೆ ಇನ್ನೊಂದರ ನೆರವು ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಒಳ್ಳೆಯ ಅಪ್ಪೆಮಿಡಿ ಮರದ ಓಟೆ ಹಾಕಿ ಬೆಳೆಸಿದ ಮರದಲ್ಲಿ ಅದೇ ಪರಿಮಳದ ಮಿಡಿ ಏಕೆ ಬರುವುದಿಲ್ಲ?

ಮಾವಿನ ಹೂವಿಗೆ ಪರಾಗ ತರುವ ನೊಣ, ಜೇನುಗಳು ಯಾವ ಮರದಿಂದ ಬಂದವು ಎಂದು ಯಾರೂ ಹೇಳಲಾರರು. ಹೊಳೆದಂಡೆಯ ಅಪ್ಪೆ ಮರದ ಸುತ್ತ ನೂರಾರು ಕಾಡುಮಾವಿನ ಮರಗಳಿರುತ್ತವೆ. ಓಟೆಯೊಳಗಿನ ಭ್ರೂಣಕ್ಕೆ ಅರ್ಧ ವಂಶವಾಹಿಗಳು ತಾಯಿಮರದಿಂದ ಬಂದರೆ ಇನ್ನರ್ಧ ಆ ಅಜ್ಞಾತ ತಂದೆಯಿಂದ ಬರುತ್ತವೆ, ಮತ್ತು ತಾಯಿಮರದ ಅರ್ಧವೂ ಹೊಸ ಜೋಡಣೆಯಲ್ಲಿ ಬಂದಿರುತ್ತದೆ. ಜೀರಿಗೆಯ ಪರಿಮಳ, ಸೊನೆಯ ಪ್ರಮಾಣ, ಹುಳಿ, ಉಪ್ಪಿನಲ್ಲಿ ವರ್ಷಗಟ್ಟಲೆ ಮೆತ್ತಗಾಗದೆ ಉಳಿಯುವ ಗುಣ ಇವೆಲ್ಲ ಬೇರೆ ಬೇರೆ ವಂಶವಾಹಿಗಳ ಕೆಲಸವಾದ್ದರಿಂದ ಅಷ್ಟೂ ಒಟ್ಟಿಗೆ ಮತ್ತೊಂದು ಸಸಿಯಲ್ಲಿ ಕೂಡಿಬರುವುದು ಅಪರೂಪ.

ಕಸಿ ಮಾಡಿದಾಗ ಈ ತೊಂದರೆ ಇಲ್ಲ. ತಾಯಿಮರದ ಟೊಂಗೆಯ ತುದಿಯನ್ನು ಬೇರೊಂದು ಸಸಿಯ ಬುಡಕ್ಕೆ ಕೂಡಿಸಿದಾಗ ಮೇಲ್ಭಾಗದ ಕೋಶಗಳು ತಾಯಿಮರದ ಡಿಎನ್‌ಎಯನ್ನೇ ಹೊಂದಿರುತ್ತವೆ. ಬುಡದ ಸಸಿ ನೀರು ಗೊಬ್ಬರ ಒದಗಿಸುತ್ತದೆ, ಮರದ ಗಾತ್ರದ ಮೇಲೆ ಪ್ರಭಾವ ಬೀರಬಹುದು, ಆದರೆ ತನ್ನ ವಂಶವಾಹಿಗಳನ್ನು ಹಣ್ಣಿಗೆ ಸೇರಿಸುವುದಿಲ್ಲ. ಅನಂತಭಟ್ಟನ ಅಪ್ಪೆ ಇಂದಿಗೂ ಅದೇ ರುಚಿಯಲ್ಲಿ ಸಿಗುವುದು, ಅಂಕೋಲೆಯ ಕರಿ ಇಶಾಡು ತನ್ನ ಗುಣ ಉಳಿಸಿಕೊಂಡಿರುವುದು ಕಸಿಯಿಂದ. ಆದರೂ ಹೊಳೆದಂಡೆಯಲ್ಲಿ ತಾವಾಗಿಯೇ ಹುಟ್ಟಿದ ಮರಗಳನ್ನು ಕಡಿಯದೆ ಉಳಿಸಬೇಕೆಂದು ನಾವು ಕಳಕಳಿಯಿಂದ ಹೇಳುತ್ತೇವೆ, ಏಕೆಂದರೆ ಅನಂತಭಟ್ಟನ ಅಪ್ಪೆಯೂ ಒಂದು ಕಾಲದಲ್ಲಿ ಹಾಗೆ ಓಟೆಯಿಂದ ಹುಟ್ಟಿದ ಒಂದು ಮರವೇ ಆಗಿತ್ತು.

ಪಶ್ಚಿಮ ಕರಾವಳಿಯ ಕೆಲವು ಮಾವಿನ ತಳಿಗಳ ಒಂದು ಓಟೆಯಿಂದ ಹಲವು ಮೊಳಕೆಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ನೆರವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿರುವುದರಿಂದ ತಾಯಿಮರವನ್ನೇ ಹೋಲುತ್ತವೆ.

ಮಿಶ್ರತಳಿ ಅಡಿಕೆ ಅಥವಾ ತೆಂಗಿನ ಮರದಿಂದ ಬೀಜ ಆರಿಸಿ ಸಸಿ ಮಾಡಬಹುದೇ?

ಮಾಡಬೇಡಿ. ವಿಟ್ಲದ ಕೇಂದ್ರದಿಂದ ಬಂದ ಗಿಡ್ಡ ಅಡಿಕೆ ಮಿಶ್ರತಳಿಗಳು ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ ಅಥವಾ ಮೋಹಿತ್‌ನಗರ ತಳಿಯೊಡನೆ ಕೂಡಿಸಿ ಪಡೆದವು. ಮೊದಲ ಪೀಳಿಗೆಯ ಸಸಿಗಳೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಅವುಗಳ ಬೀಜದಿಂದ ಬರುವ ಎರಡನೆಯ ಪೀಳಿಗೆಯಲ್ಲಿ ಮೆಂಡೆಲ್‌ನ ಬಟಾಣಿಯಂತೆ ಗುಣಗಳು ಚದರಿಹೋಗಿ ಕೆಲವು ಗಿಡ್ಡ, ಕೆಲವು ಎತ್ತರ, ಕೆಲವು ಫಸಲೇ ಕಡಿಮೆಯಿರುವ ಮರಗಳಾಗುತ್ತವೆ. ಇದು ಗೊತ್ತಾಗುವುದು ನಾಲ್ಕೈದು ವರ್ಷ ನೀರು ಗೊಬ್ಬರ ಹಾಕಿದ ಮೇಲೆ. ತೆಂಗಿನಲ್ಲಿಯೂ ಹೀಗೆಯೇ, ಎತ್ತರ ಮತ್ತು ಗಿಡ್ಡ ತಳಿಗಳ ಮಿಶ್ರಣದಲ್ಲಿ ಕಾಣುವ ಹುರುಪನ್ನು ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ನೀಲೇಶ್ವರದ ಕೇಂದ್ರದಿಂದ 1937ರಲ್ಲಿಯೇ ವರದಿ ಮಾಡಲಾಗಿತ್ತು, ಆ ಹುರುಪು ಮೊದಲ ಪೀಳಿಗೆಯಲ್ಲಿ ಇದ್ದಷ್ಟು ಮುಂದೆ ಉಳಿಯುವುದಿಲ್ಲ.

ಪಣಿಯೂರು ಮೆಣಸು ಬಳ್ಳಿಯ ತುಂಡಿನಿಂದಲೇ ಬೆಳೆಯುತ್ತದೆ. ಆದರೂ ಒಂದು ತೋಟದಲ್ಲಿ ತುಂಬಿ ಬಿಡುತ್ತದೆ, ಇನ್ನೊಂದರಲ್ಲಿ ಬಿಡುವುದಿಲ್ಲವೇಕೆ?

ಉತಿರನ್‌ಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಎಂಬ ತಳಿಗಳ ಸಂಕರದಿಂದ ಬಂದು 1971ರಲ್ಲಿ ಬಿಡುಗಡೆಯಾದ ಪಣಿಯೂರು-1 ಬಳ್ಳಿಗಳೆಲ್ಲವೂ ವಂಶವಾಹಿಯ ದೃಷ್ಟಿಯಿಂದ ಒಂದೇ. ಆದರೆ ಈ ತಳಿಗೆ ಬಿಸಿಲು ಬೇಕು. ದಟ್ಟ ನೆರಳಿನ ಹಳೆಯ ಅಡಿಕೆ ತೋಟದಲ್ಲಿ ಇದರ ಫಸಲು ಕುಗ್ಗುತ್ತದೆ. ಒಂದೇ ವಂಶವಾಹಿಗಳ ಗುಂಪು ಬೆಳಕು, ತೇವ, ಮಣ್ಣಿನ ಪೋಷಕಾಂಶಕ್ಕೆ ತಕ್ಕಂತೆ ಬೇರೆ ಬೇರೆ ಫಲ ಕೊಡುತ್ತದೆ. ನೆರೆಯವರ ತೋಟದ ಇಳುವರಿಯನ್ನು ನೋಡಿ ಬಳ್ಳಿ ತರುವಾಗ ಅವರ ತೋಟದ ನೆರಳನ್ನೂ ನೋಡಿ ಬರುವುದು ಒಳ್ಳೆಯದು.

ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಕಗ್ಗ ಭತ್ತ ಉಪ್ಪುನೀರನ್ನು ತಡೆದುಕೊಳ್ಳುತ್ತದೆ, ಉಳಿದ ಭತ್ತ ಸಾಯುತ್ತದೆ. ಇದರ ಹಿಂದಿನ ಕಾರಣವೇನು?

ಉಪ್ಪಿನ ಸೋಡಿಯಂ ಎಲೆಯವರೆಗೆ ಏರಿದರೆ ಭತ್ತದ ಗಿಡ ಸುಟ್ಟಂತಾಗಿ ಸಾಯುತ್ತದೆ. ಕೇರಳದ ಪೊಕ್ಕಾಲಿ ಭತ್ತದ ಮೇಲೆ ನಡೆದ ಅಧ್ಯಯನಗಳಿಂದ ಭತ್ತದ ಒಂದನೆಯ ವರ್ಣತಂತುವಿನಲ್ಲಿ ಉಪ್ಪಿನ ಸಹನೆಗೆ ಸಂಬಂಧಿಸಿದ ಮುಖ್ಯ ಭಾಗವಿರುವುದು ತಿಳಿದಿದೆ. ಆ ಭಾಗದಲ್ಲಿರುವ ಒಂದು ವಂಶವಾಹಿ ತಯಾರಿಸುವ ಪ್ರೋಟೀನು ಬೇರಿನಿಂದ ಮೇಲಕ್ಕೆ ಏರುವ ರಸದಿಂದ ಸೋಡಿಯಂ ಅನ್ನು ಹಿಂದಕ್ಕೆ ಎಳೆದುಕೊಂಡು ಎಲೆಯನ್ನು ಕಾಯುತ್ತದೆ. ಮುಳುಗಡೆಯನ್ನು ತಡೆಯುವ ಶಕ್ತಿ ಬೇರೆಯೇ ವಂಶವಾಹಿಗೆ ಸೇರಿದ್ದು, ಒಡಿಶಾ ಮೂಲದ ಒಂದು ತಳಿಯಿಂದ ಅದನ್ನು ಪಡೆದು ಸ್ವರ್ಣ ತಳಿಗೆ ಸೇರಿಸಿದಾಗ ಗಿಡ ಸುಮಾರು ಎರಡು ವಾರ ನೀರಿನಡಿ ಇದ್ದರೂ ಬದುಕಿಕೊಂಡಿತು.

ಅಘನಾಶಿನಿ ಅಳಿವೆಯಲ್ಲಿ, ಮಾಣಿಕಟ್ಟಾದಂಥ ಗಜನಿಗಳಲ್ಲಿ ಬೆಳೆಯುವ ಕಗ್ಗಕ್ಕೆ ಎರಡು ಗಂಡಾಂತರಗಳೂ ಎದುರಾಗುತ್ತವೆ: ಮಳೆಗಾಲದ ನೆರೆ, ಮತ್ತು ಕಟ್ಟೆ ದಾಟಿ ಬರುವ ಭರತದ ಉಪ್ಪುನೀರು. ಊರಿನ ಹಳೆಯ ತಳಿಯೊಳಗೆ ಗಿಡದಿಂದ ಗಿಡಕ್ಕೆ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ. ಪ್ರತಿ ವರ್ಷ ಉಪ್ಪು ತಾಳದ ಗಿಡಗಳು ಸತ್ತು, ತಾಳಿದವುಗಳ ಕಾಳೇ ಮುಂದಿನ ವರ್ಷದ ಬಿತ್ತನೆಯಾಗುತ್ತಾ ತಲೆಮಾರುಗಳು ಕಳೆದಾಗ ತಾಳಿಕೆಯ ವಂಶವಾಹಿಗಳು ಗದ್ದೆಯಲ್ಲಿ ಹೆಚ್ಚುತ್ತವೆ. ಉಪ್ಪು ಗಿಡಕ್ಕೆ ಪಾಠ ಕಲಿಸುವುದಿಲ್ಲ. ಮೊದಲೇ ಇದ್ದ ವ್ಯತ್ಯಾಸದಲ್ಲಿ ಉಳಿಯುವುದನ್ನು ಆರಿಸುತ್ತದೆ. ಬೀಜವನ್ನು ಶೀತಲ ಕೋಠಿಯಲ್ಲಿಟ್ಟರೆ ಇದ್ದದ್ದು ಉಳಿದೀತು, ಆದರೆ ಈ ಆಯ್ಕೆ ನಿಂತುಹೋಗುತ್ತದೆ. ಕಗ್ಗವನ್ನು ಗಜನಿಯಲ್ಲಿಯೇ ಬಿತ್ತುವವರು ಇರಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಮಲೆನಾಡು ಗಿಡ್ಡದ ಹಾಲು ಎಂದರೆ ಎ2 ಹಾಲು ಎಂದು ಖಚಿತವಾಗಿ ಹೇಳಬಹುದೇ?

ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನಲ್ಲಿ 209 ಅಮೈನೋ ಆಮ್ಲಗಳಿದ್ದು, 67ನೆಯ ಸ್ಥಾನದಲ್ಲಿ ಪ್ರೋಲಿನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1 ಎನ್ನುತ್ತಾರೆ. ವ್ಯತ್ಯಾಸ ಡಿಎನ್‌ಎಯ ಒಂದೇ ಅಕ್ಷರದ್ದು. ಹಸುವಿಗೆ ಎರಡು ಪ್ರತಿಗಳಿರುವುದರಿಂದ ಅದು ಎ2-ಎ2, ಎ1-ಎ2 ಅಥವಾ ಎ1-ಎ1 ಆಗಿರಬಹುದು, ಮಿಶ್ರವಾಗಿದ್ದರೆ ಹಾಲಿನಲ್ಲಿ ಎರಡೂ ಬಗೆಯ ಪ್ರೋಟೀನು ಇರುತ್ತದೆ. ಭಾರತದ ದೇಸಿ ತಳಿಗಳಲ್ಲಿ ಎ2 ರೂಪವೇ ಬಹುಪಾಲು. ಮಲೆನಾಡು ಗಿಡ್ಡದಲ್ಲಿಯೂ ಹಾಗೆಯೇ, ಎ1 ವಿರಳವಾಗಿ ಕಂಡುಬಂದಿದೆ. ಆದ್ದರಿಂದ ಗಿಡ್ಡ ಮೈ, ಪುಟ್ಟ ಕೊಂಬು ನೋಡಿ ಖಚಿತ ಮಾತು ಹೇಳಲಾಗದು, ಅದರಲ್ಲೂ ಹಿಂದಿನ ತಲೆಮಾರಿನಲ್ಲಿ ಮಿಶ್ರತಳಿಯ ಬೀಜ ಸೇರಿದ್ದರೆ ಡಿಎನ್‌ಎ ಪರೀಕ್ಷೆಯೊಂದೇ ದಾರಿ. ಎ2 ಹಾಲು ರೋಗಗಳನ್ನು ದೂರವಿಡುತ್ತದೆ ಎಂಬ ಪ್ರಚಾರಕ್ಕೆ ಗಟ್ಟಿಯಾದ ಪುರಾವೆ ದೊರೆತಿಲ್ಲ. ಮಲೆನಾಡು ಗಿಡ್ಡವನ್ನು ಸಾಕಲು ಆ ಪ್ರಚಾರದ ಅಗತ್ಯವೂ ಇಲ್ಲ; ಗುಡ್ಡ ಬೆಟ್ಟದಲ್ಲಿ ಸ್ವಂತ ಮೇದು, ಜಡಿಮಳೆಯನ್ನು ತಾಳಿ, ಕಡಿಮೆ ಮೇವಿನಲ್ಲಿ ಬದುಕುವ ಗುಣಗಳೇ ಸಾಕಷ್ಟು ಕಾರಣ.

ಹೆಣ್ಣು ಮಗು ಹುಟ್ಟಲು ತಾಯಿ ಕಾರಣಳೇ?

ಅಲ್ಲ. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ವರ್ಣತಂತುವೇ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಸರಿಸುಮಾರು ಅರ್ಧದಲ್ಲಿ ಎಕ್ಸ್, ಅರ್ಧದಲ್ಲಿ ವೈ ಇದ್ದು, ಯಾವುದು ಅಂಡಾಣುವನ್ನು ಸೇರುತ್ತದೋ ಅದು ಮಗುವಿನ ಲಿಂಗವನ್ನು ನಿರ್ಧರಿಸುತ್ತದೆ. ಅದು ತಂದೆಯ ಇಚ್ಛೆಗೂ ಒಳಪಟ್ಟದ್ದಲ್ಲ. ಈ ಸಂಗತಿ ಪಠ್ಯಪುಸ್ತಕಕ್ಕೆ ಬಂದು ಎಷ್ಟೋ ದಶಕಗಳಾದರೂ ಮನೆಯ ಸೊಸೆಯನ್ನು ದೂರುವುದು ನಿಂತಿಲ್ಲವೆಂಬುದು ನೋವಿನ ಮಾತು. ಹುಟ್ಟುವ ಮೊದಲು ಲಿಂಗ ಪತ್ತೆ ಮಾಡುವುದು 1994ರ ಕಾಯ್ದೆಯ ಪ್ರಕಾರ ಅಪರಾಧ.

ಎಲ್ಲ ಜೀವಿಗಳಲ್ಲಿಯೂ ಲಿಂಗ ನಿರ್ಧಾರ ಹೀಗೆಯೇ ಆಗುತ್ತದೆಯೇ?

ಇಲ್ಲ. ತುಡುವೆ ಜೇನಿನಲ್ಲಿ ರಾಣಿ ಇಡುವ ತತ್ತಿ ಫಲಿತವಾದರೆ 32 ವರ್ಣತಂತುಗಳ ಹೆಣ್ಣು, ಫಲಿತವಾಗದಿದ್ದರೆ 16 ವರ್ಣತಂತುಗಳ ಗಂಡು. ಗಂಡು ನೊಣಕ್ಕೆ ತಂದೆ ಇಲ್ಲ, ತಾಯಿಯ ಕಡೆಯ ಅಜ್ಜ ಮಾತ್ರ ಇದ್ದಾನೆ. ಪೆಟ್ಟಿಗೆ ತೆರೆದು ಎರಿಯನ್ನು ಬೆಳಕಿಗೆ ಹಿಡಿದರೆ ಗಂಡು ಮರಿಗಳ ಕೋಣೆಗಳ ಮುಚ್ಚಳ ಉಬ್ಬಿಕೊಂಡು, ನಡುವೆ ಸೂಜಿಮೊನೆಯಷ್ಟು ರಂಧ್ರವಿರುವುದು ಕಾಣಿಸುತ್ತದೆ. ಎರಿಯ ಕೆಳಅಂಚಿನಲ್ಲಿ ಇಳಿಬಿದ್ದಿರುವ ಉದ್ದನೆಯ ಕೋಣೆ ರಾಣಿಯದು. ರಾಣಿಯಾಗುವ ಮರಿಗೂ ಕೆಲಸಗಾರ ನೊಣವಾಗುವ ಮರಿಗೂ ವಂಶವಾಹಿಗಳಲ್ಲಿ ಭೇದವಿಲ್ಲ. ರಾಣಿಯ ಮರಿಗೆ ಕೊನೆಯವರೆಗೂ ರಾಯಲ್ ಜೆಲ್ಲಿ ಉಣಿಸಲಾಗುತ್ತದೆ, ಅದರಿಂದ ತೆರೆಯುವ ವಂಶವಾಹಿಗಳು ಬದಲಾಗುತ್ತವೆ.

ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಆಮೆಗಳಲ್ಲಿ ಲಿಂಗದ ವರ್ಣತಂತುಗಳೇ ಇಲ್ಲ. ಗೂಡಿನ ಮರಳು ಸುಮಾರು 29 ಡಿಗ್ರಿಗಿಂತ ತಂಪಾಗಿದ್ದರೆ ಹೆಚ್ಚಿನ ಮರಿಗಳು ಗಂಡಾಗುತ್ತವೆ, ಬಿಸಿಯಾಗಿದ್ದರೆ ಹೆಣ್ಣಾಗುತ್ತವೆ. ತೀರ ಬಿಸಿಯೇರುತ್ತಾ ಹೋದರೆ ಗಂಡುಗಳು ವಿರಳವಾಗುವ ಆತಂಕ ಇಲ್ಲಿಂದಲೇ ಬಂದಿದೆ.

ಗೋತ್ರ ಬೇರೆಯಾಗಿದ್ದರೆ ಸೋದರಿಕೆಯ ಮದುವೆಯಲ್ಲಿ ಅಪಾಯವಿಲ್ಲವೇ?

ಗೋತ್ರ ತಂದೆಯ ಸಾಲನ್ನು ಮಾತ್ರ ಹಿಡಿದು ಸಾಗುತ್ತದೆ. ವಂಶವಾಹಿಗಳು ತಂದೆ ತಾಯಿ ಇಬ್ಬರಿಂದಲೂ ಸಮವಾಗಿ ಬರುತ್ತವೆ. ಸೋದರಮಾವನ ಮಗಳ ಗೋತ್ರ ಬೇರೆಯಾದರೂ ಅವಳಿಗೂ ಅತ್ತೆಯ ಮಗನಿಗೂ ಅಜ್ಜ ಅಜ್ಜಿ ಒಬ್ಬರೇ, ಅವರ ವಂಶವಾಹಿಗಳಲ್ಲಿ ಸರಾಸರಿ ಎಂಟನೆಯ ಒಂದು ಭಾಗ ಒಂದೇ ಮೂಲದ್ದು. ಸೋದರಮಾವನನ್ನೇ ಮದುವೆಯಾದರೆ ಅದು ನಾಲ್ಕನೆಯ ಒಂದು ಭಾಗ. ಪ್ರತಿಯೊಬ್ಬರಲ್ಲಿಯೂ ಕೆಲವು ದೋಷಯುಕ್ತ ದುರ್ಬಲ ವಂಶವಾಹಿಗಳು ಅಡಗಿರುತ್ತವೆ. ಹತ್ತಿರದ ಸಂಬಂಧದಲ್ಲಿ ಅದೇ ದೋಷ ಇಬ್ಬರಲ್ಲಿಯೂ ಇದ್ದು ಮಗುವಿಗೆ ಎರಡೂ ಪ್ರತಿಗಳು ಸೇರುವ ಸಂಭವ ಹೆಚ್ಚುತ್ತದೆ. ಸಾಮಾನ್ಯ ದಂಪತಿಗಳ ಮಕ್ಕಳಲ್ಲಿ ಹುಟ್ಟಿನಿಂದ ಬರುವ ಗಂಭೀರ ತೊಂದರೆಯ ಸಂಭವ ಶೇ. 2ರಿಂದ 3 ಇದ್ದರೆ, ಅತ್ತೆ ಮಾವಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಅದು ಸುಮಾರು ಎರಡು ಪಟ್ಟಾಗುತ್ತದೆ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಹಾಗೆಂದು ಈ ಹೆಚ್ಚಳವನ್ನು ಕಡೆಗಣಿಸಬಾರದು. ತಲೆಮಾರಿನಿಂದ ತಲೆಮಾರಿಗೆ ಸೋದರಿಕೆ ನಡೆದುಬಂದ ಮನೆಗಳಲ್ಲಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಎತ್ತರ, ಮೈಬಣ್ಣ, ಸಕ್ಕರೆ ಕಾಯಿಲೆ ಇವಕ್ಕೆ ಒಂದೊಂದು ವಂಶವಾಹಿ ಇದೆಯೇ?

ಇಲ್ಲ. ಎತ್ತರವೊಂದಕ್ಕೇ ಸಂಬಂಧಿಸಿದ 12,000ಕ್ಕೂ ಹೆಚ್ಚು ಡಿಎನ್‌ಎ ವ್ಯತ್ಯಾಸಗಳನ್ನು 2022ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನ ಗುರುತಿಸಿತು. ಒಂದೊಂದರ ಪಾಲು ಅತ್ಯಲ್ಪ, ಬಾಲ್ಯದ ಆಹಾರದ ಪಾಲು ಅದರ ಮೇಲೆ ಸೇರುತ್ತದೆ. ಸಕ್ಕರೆ ಕಾಯಿಲೆ ಮನೆತನದಲ್ಲಿ ಇದೆ ಎಂದಾಗ ವಂಶವಾಹಿಯ ಜೊತೆಗೆ ಒಂದೇ ಅಡುಗೆಮನೆಯ ಊಟ, ಒಂದೇ ಬಗೆಯ ದಿನಚರಿಯೂ ಮಕ್ಕಳಿಗೆ ಬಂದಿರುತ್ತವೆ. ನಾಲಿಗೆ ಸುರುಳಿ ಮಾಡುವುದು, ಕಿವಿಯ ಹಾಲೆ ಅಂಟಿಕೊಂಡಿರುವುದು ಇವನ್ನು ಒಂದೇ ವಂಶವಾಹಿಯ ಗುಣಗಳೆಂದು ಶಾಲೆಗಳಲ್ಲಿ ಈಗಲೂ ಕಲಿಸುವುದುಂಟು, ಅದು ಸರಿಯಲ್ಲ.

ಜೀವನದಲ್ಲಿ ಗಳಿಸಿದ ಗುಣ ಮಕ್ಕಳಿಗೆ ಬರುತ್ತದೆಯೇ? ಮಂಗನ ಕಾಯಿಲೆ ವಂಶದಲ್ಲಿ ಸಾಗುತ್ತದೆಯೇ?

ತಲೆಮಾರುಗಟ್ಟಲೆ ಕಿವಿ ಚುಚ್ಚಿಸಿಕೊಂಡರೂ ಯಾವ ಮಗುವೂ ಚುಚ್ಚಿದ ಕಿವಿಯೊಡನೆ ಹುಟ್ಟಿಲ್ಲ. ಮಂಗನ ಕಾಯಿಲೆ ಉಣ್ಣೆಯ ಮೂಲಕ ಹರಡುವ ವೈರಸ್ಸಿನಿಂದ ಬರುತ್ತದೆ, ಅದು ಆನುವಂಶಿಕವಲ್ಲ.

ಮನೆತನದಲ್ಲಿ ರಕ್ತದ ಕಾಯಿಲೆ ಇದೆ. ಮದುವೆಗೆ ಮೊದಲು ಏನನ್ನು ಪರೀಕ್ಷಿಸಬೇಕು?

ತಲಸ್ಸೀಮಿಯಾ ಮತ್ತು ಕುಡಗೋಲು ಕೋಶ ರಕ್ತಹೀನತೆ ಎರಡೂ ದುರ್ಬಲ ಗುಣಗಳು. ಎರಡನೆಯದರಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಅಮೈನೋ ಆಮ್ಲವೊಂದು ಬದಲಾಗಿ, ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ. ಒಂದೇ ಪ್ರತಿ ಇರುವ ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುವುದರಿಂದ ಅವರಿಗೆ ತಮ್ಮ ಸ್ಥಿತಿ ತಿಳಿದಿರುವುದಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು. ಒಬ್ಬರು ಮಾತ್ರ ವಾಹಕರಾದರೆ ಮಗುವಿಗೆ ಕಾಯಿಲೆ ಬರುವುದಿಲ್ಲ. ವೈದ್ಯರ ಬಳಿ ಪೂರ್ಣ ರಕ್ತ ಎಣಿಕೆ ಮತ್ತು ಎಚ್‌ಪಿಎಲ್‌ಸಿ ಎಂಬ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಕೇಳಿ ಮಾಡಿಸಿ. ಪರೀಕ್ಷೆಯನ್ನು ಹುಡುಗ ಹುಡುಗಿ ಇಬ್ಬರಿಗೂ ಮಾಡಿಸಬೇಕು, ಮತ್ತು ಹಿಂದಿನ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಆಗ ವರದಿಯಲ್ಲಿ ಕಾಣುವುದು ದಾನಿಯ ಹಿಮೋಗ್ಲೋಬಿನ್ ಆಗಿರಬಹುದು.